ಎಡಕ್ಕೆ ತಿರುಗಬಾರದ ವಂಡಿಮನೆ

ಸರ್ಕಾರಿ ವಾಹನ ಓಡಿಸಲು ಹೊಸದಾಗಿ ಸೇರಿದವರು ಈಗಲೂ ಒಬ್ಬೊಬ್ಬರು ಕಲ್ಪೆಟ್ಟದ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾ ಎಲ್ಲರೂ ಕೇಳುವುದು ಒಂದನ್ನೇ: "ಜಿನಪ್ಪಣ್ಣ, ಚುರಂ ಇಳಿಸೋದು ಅಷ್ಟು ಕಷ್ಟವಾ?" ಚುರಂ ಅಂದರೆ ಘಾಟಿ. ನಾನು ಹೇಳುತ್ತೇನೆ, ಘಾಟಿ ಏನೂ ಕಷ್ಟವಲ್ಲ ಮಾರಾಯರೇ. ಬ್ರೇಕು ಕೈಕೊಟ್ಟರೆ ಗೇರಿನಲ್ಲಿ ಹಿಡಿಯಬಹುದು, ಟಯರು ಹೋದರೆ ಬದಲಾಯಿಸಬಹುದು. ಹಿಂದೆ ಕೂತ ಸಾಹೇಬರ ತಲೆಯಲ್ಲಿ ಒಂದು ವಿಚಾರ ಕೂತುಬಿಟ್ಟರೆ ಅದನ್ನು ಹೊರಗೆ ತೆಗೆಯುವ ಸ್ಪ್ಯಾನರು ಮಾತ್ರ ಯಾವ ವರ್ಕ್‌ಶಾಪಿನಲ್ಲೂ ಸಿಗುವುದಿಲ್ಲ.

ಅವರು ನಗುತ್ತಾರೆ. ನಗಲಿ. ನಾನು ತಮಾಷೆಗೆ ಹೇಳಿದ್ದಲ್ಲ. ಆವತ್ತು ಘಾಟಿಯ ತುದಿಯ ಲಕ್ಕಿಡಿಯಲ್ಲಿ ಏನಾಯಿತು ಎಂದು ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮದು ಪನಮರಂ ಕಡೆಯ ಜೈನ ಕುಟುಂಬ. ಹಿರಿಯರು ಯಾವ ಕಾಲದಲ್ಲೋ ಕನ್ನಡ ನಾಡಿನಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಗಾಡಿ ಕೆಟ್ಟಾಗ ಎರಡೂ. ಗದ್ದೆ ನೋಡಿಕೊಳ್ಳಲು ಇಬ್ಬರು ಅಣ್ಣಂದಿರಿದ್ದರು, ನನಗೆ ಸ್ಟಿಯರಿಂಗ್ ಹುಚ್ಚು. ವಯನಾಡು ಬೇರೆ ಜಿಲ್ಲೆಯಾಗಿ ಎರಡು ವರ್ಷವೂ ಆಗಿರಲಿಲ್ಲ, ಆಗ ಒಂದು ಇಲಾಖೆಗೆ ತಾತ್ಕಾಲಿಕ ಡ್ರೈವರಾಗಿ ಸೇರಿದೆ. ಇಲಾಖೆಯ ಹೆಸರು ಬೇಡ. ಕಾಫಿಗೆ, ಮೆಣಸಿನ ಬಳ್ಳಿಗೆ ರೋಗ ಬಂದರೆ ಊರೂರಿಗೆ ಹೋಗಿ ನೋಡಿ ಸಲಹೆ ಕೊಡುವುದು ನಮ್ಮ ಕೆಲಸ ಅಂತಿಟ್ಟುಕೊಳ್ಳಿ.

ಹೊಸ ಜಿಲ್ಲೆ ಅಂದರೆ ಏನೆಂದು ಈಗಿನವರಿಗೆ ಗೊತ್ತಿಲ್ಲ. ಬೋರ್ಡು ಮೊದಲು ಬಂತು, ಕಚೇರಿ ಆಮೇಲೆ ಬಂತು. ನಮ್ಮ ಕಚೇರಿ ಒಂದು ಬಾಡಿಗೆ ಮನೆ. ಕಡತಗಳ ಕಪಾಟು ಬಚ್ಚಲಲ್ಲಿ, ಹೆಡ್ ಕ್ಲಾರ್ಕರ ಮೇಜು ಅಡುಗೆಮನೆಯಲ್ಲಿ. ಮೇಲಧಿಕಾರಿಗಳಿಗೆ ಉಳಿದುಕೊಳ್ಳಲು ವಸತಿಗೃಹ ಇರಲಿಲ್ಲ, ಇದ್ದ ಒಂದೆರಡು ಬಾಡಿಗೆ ಮನೆಗಳನ್ನು ಬೇರೆ ಇಲಾಖೆಯವರು ಮೊದಲೇ ಹಿಡಿದಿದ್ದರು. ಆಗ ರಾಜಧಾನಿಯಲ್ಲಿ ಯಾರೋ ಪುಣ್ಯಾತ್ಮ ಯೋಚಿಸಿದ: ಮನೆ ಕಟ್ಟಿಸಲು ವರ್ಷಗಟ್ಟಲೆ ಬೇಕು, ಚಕ್ರ ಇರುವ ಮನೆ ತರಿಸಿದರೆ ಮುಗಿಯಿತಲ್ಲ! ಹಗಲು ಅದೇ ಕಚೇರಿ, ರಾತ್ರಿ ಅದೇ ವಸತಿ.

ಹೀಗೆ ಬಂತು ನಮ್ಮ ವಂಡಿಮನೆ, ಅಂದರೆ ಗಾಡಿಮನೆ. ಮಿನಿಬಸ್ಸಿನಷ್ಟು ಉದ್ದ. ಒಳಗೆ ಒಂದು ಮಂಚ, ಮಡಚುವ ಮೇಜು, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಹಿಂದೆ ಬಾಗಿಲು ಹಾಕಿದರೆ ಮೊಣಕಾಲು ಗೋಡೆಗೆ ತಾಗುವಂಥ ಪಾಯಿಖಾನೆ. ಹೊರ ರಾಜ್ಯದ ಒಂದು ಕಂಪನಿ ಮಾಡಿದ್ದು. ಆ ಕಂಪನಿ ಈಗ ಇಲ್ಲ, ಏಕೆ ಇಲ್ಲ ಅಂತ ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ಅದರಲ್ಲಿ ವಾಸಕ್ಕೆ ಬಂದವರು ನಮ್ಮ ಜಿಲ್ಲಾ ಅಧಿಕಾರಿ ಶ್ರೀಧರನ್ ಸಾರ್. ತ್ರಿಶೂರಿನ ಕಡೆಯವರು, ಐವತ್ತು ದಾಟಿದವರು, ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದವರು. ಕೆಟ್ಟ ಮನುಷ್ಯರಲ್ಲ. ಬರೆಯುವ ಚಾಳಿ ಒಂದು ವಿಪರೀತ ಇತ್ತು. ಕಚೇರಿಯ ಬೆಕ್ಕು ಹಾಲು ಕುಡಿದರೂ ಒಂದು, ಎರಡು, ಮೂರು ಎಂದು ಅಂಕಿ ಹಾಕಿ ನಾಲ್ಕು ಪುಟ ಟಿಪ್ಪಣಿ ಬರೆಯುತ್ತಿದ್ದರು. ಅವರು ನನ್ನ ಹತ್ತಿರ ಮಲಯಾಳದಲ್ಲೇ ಮಾತಾಡುತ್ತಿದ್ದದ್ದು, ನಾನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಅವರಿಗೂ ನನಗೂ ಮೊದಲ ವಾರವೇ ಜಗಳ ಬಿತ್ತು, ಊಟದ ವಿಷಯಕ್ಕೆ. ನಮ್ಮ ಮನೆತನದಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅಜ್ಜ ಉಣ್ಣಲಿಲ್ಲ, ಅಪ್ಪ ಉಣ್ಣಲಿಲ್ಲ, ನಾನೂ ಉಣ್ಣುವುದಿಲ್ಲ. ಹಾಗಾಗಿ ಕ್ಯಾಂಪಿಗೆ ಹೋದಾಗ ಸಂಜೆ ಎಲ್ಲಿದ್ದರೂ ಸರಿ, ಬೆಳಕಿರುವಾಗಲೇ ಗಾಡಿ ಪಕ್ಕಕ್ಕೆ ನಿಲ್ಲಿಸುತ್ತಿದ್ದೆ. ಚಕ್ರಕ್ಕೆ ಕಲ್ಲು ಕೊಟ್ಟು, ನನ್ನ ಹೆಂಡತಿ ಪದ್ಮಾ ಕಟ್ಟಿಕೊಟ್ಟ ಬುತ್ತಿ ಬಿಚ್ಚಿ, ಹದಿನೈದು ನಿಮಿಷದಲ್ಲಿ ಉಂಡು, ಕೈ ತೊಳೆದು ಮತ್ತೆ ಹೊರಡುತ್ತಿದ್ದೆ.

"ಏನು ಜಿನಪ್ಪ ಇದು? ಇನ್ನು ಎರಡು ಮೈಲಿ ಹೋದರೆ ಹೋಟೆಲಿದೆ!" ಎನ್ನುವರು ಸಾರ್.

"ಹೋಟೆಲಿದೆ ಸಾರ್. ಸೂರ್ಯ ಇರಲ್ಲ."

ಅವರು ತಲೆ ಚಚ್ಚಿಕೊಂಡು ಬರೆಯಲು ಕೂರುತ್ತಿದ್ದರು. ನನ್ನ ಸೇವಾ ಕಡತದಲ್ಲಿ ಅವರು ಬರೆದದ್ದು ಇದು: "ಪ್ರಯಾಣದ ಮಧ್ಯೆ ಊಟಕ್ಕಾಗಿ ವಾಹನ ನಿಲ್ಲಿಸುವ ಅಭ್ಯಾಸ ಇದೆ. ಈ ಅಭ್ಯಾಸ ಬಿಡುವ ತನಕ ಕಾಯಂ ಮಾಡಲು ಶಿಫಾರಸು ಮಾಡಲಾಗದು." ಎರಡು ವರ್ಷದೊಳಗೆ ಕಾಯಂ ಆಗದಿದ್ದರೆ ಮನೆಗೆ ಹೋಗಬೇಕು, ನನ್ನ ಜಾಗಕ್ಕೆ ಪಟ್ಟಿಯಲ್ಲಿರುವ ಇನ್ನೊಬ್ಬ ಬರುತ್ತಾನೆ. ಮನೆಯಲ್ಲಿ ಒಂದು ವರ್ಷದ ಮಗಳು. ನನ್ನ ಬದುಕು ಆ ಮನುಷ್ಯನ ಒಂದು ಸಹಿಯಲ್ಲಿ ನಿಂತಿತ್ತು. ಪದ್ಮಾ ಒಂದು ದಿನ, "ನೀವು ಕ್ಯಾಂಪಿನ ದಿನ ಉಪವಾಸ ಇದ್ರಾಯ್ತು, ಅವ್ರ ಎದ್ರು ಉಣ್ಬೇಡಿ" ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. ಹೊಟ್ಟೆ ನನ್ನದು, ಹೊತ್ತು ಆಕಾಶದ್ದು, ಇದರಲ್ಲಿ ಇಲಾಖೆಗೆ ಏನು ಕೆಲಸ?

ಹೀಗಿರುವಾಗ ಕಂಪನಿಯಿಂದ ಒಂದು ಕಾಗದ ಬಂತು. ನಮ್ಮ ಜಿಲ್ಲೆ ಅವರ ಪಟ್ಟಿಯಲ್ಲೇ ಇರಲಿಲ್ಲವಂತೆ. ಕಾಗದ ಮೊದಲು ಕೋಝಿಕ್ಕೋಡಿಗೆ ಹೋಗಿ, ಅಲ್ಲಿಂದ ಕಣ್ಣೂರಿಗೆ ಹೋಗಿ, ಮೈಯೆಲ್ಲ ಮುದ್ರೆ ಹೊಡೆಸಿಕೊಂಡು ಕಲ್ಪೆಟ್ಟಕ್ಕೆ ಬರುವಾಗ ಎರಡು ತಿಂಗಳು. ಹೆಡ್ ಕ್ಲಾರ್ಕ್ ಕುರಿಯನ್ ಅಡುಗೆಮನೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದಿದರು. ಕುರಿಯನ್ ಪುಲ್ಪಳ್ಳಿಯವರು, ಅವರ ಅಪ್ಪ ಕಾಡು ಕಡಿದು ಮೆಣಸು ಹಾಕಿದ ಕಾಲದವರು. ಯಾರನ್ನೂ ನಂಬುವ ಪೈಕಿ ಅಲ್ಲ.

ಕಾಗದದ ಸಾರಾಂಶ ಇಷ್ಟು. ನಮ್ಮ ಕಂಪನಿಯ ಸಂಚಾರಿ ಮನೆಗಳಲ್ಲಿ ಸ್ಟಿಯರಿಂಗ್ ಚಕ್ರವನ್ನು ಕಂಬಕ್ಕೆ ಬಿಗಿಯುವ ನಡುವಿನ ನಟ್ಟಿಗೆ ಲಾಕ್ ಪ್ಲೇಟ್ ಹಾಕುವುದು ಬಿಟ್ಟುಹೋಗಿದೆ. ಎಡಕ್ಕೆ ಪೂರ್ತಿ ಒತ್ತಿ ತಿರುಗಿಸಿದಾಗಲೆಲ್ಲ ನಟ್ಟು ಸ್ವಲ್ಪ ಸ್ವಲ್ಪ ಸಡಿಲವಾಗಿ, ಒಂದು ದಿನ ಚಕ್ರ ಕಳಚಿ ಬರಬಹುದು. ಆದ್ದರಿಂದ ವಾಹನವನ್ನು ತಕ್ಷಣ ಕೋಝಿಕ್ಕೋಡಿನಲ್ಲಿರುವ ನಮ್ಮ ವರ್ಕ್‌ಶಾಪಿಗೆ ತಂದು ಸರಿಮಾಡಿಸಿಕೊಳ್ಳಿ. ಅಲ್ಲಿಯವರೆಗೆ ವಾಹನವನ್ನು ಓಡಿಸಬೇಡಿ.

ತನ್ನಿ, ಆದರೆ ಓಡಿಸಬೇಡಿ! ನಾನು ನಕ್ಕುಬಿಟ್ಟೆ. ಬೇರೆ ಯಾರೂ ನಗಲಿಲ್ಲ.

ಈಗ ಇದಕ್ಕೆ ರೀಕಾಲ್ ಅನ್ನುತ್ತಾರೆ, ಮೊಬೈಲಿಗೆ ಮೆಸೇಜು ಬರುತ್ತದೆ. ಕಂಪನಿ ತಾನೇ ಮಾಡಿದ ತಪ್ಪನ್ನು ತಾನೇ ಒಪ್ಪಿಕೊಂಡು ಕಾಗದ ಹಾಕುತ್ತದೆ ಅಂದರೆ ಆ ಕಾಲದಲ್ಲಿ ನಂಬುವವರು ಯಾರು?

"ಸಾರೇ, ಇದು ನೆಪ" ಅಂದರು ಕುರಿಯನ್. "ನಮ್ಮ ಟೈಪ್‌ರೈಟರ್ ರಿಪೇರಿಗೆ ಅಂತ ಚುರಂ ಇಳಿಯಿತು. ಬಂತಾ? ಹಳೇ ಜೀಪು ಬಣ್ಣ ಹೊಡೆಯಲು ಹೋಯಿತು. ಬಂತಾ? ಈಗ ಅದರಲ್ಲಿ ಕೋಝಿಕ್ಕೋಡಿನ ಸಾರ್ ಮಗಳು ಕಾಲೇಜಿಗೆ ಹೋಗುತ್ತಾಳೆ. ಹೊಸ ಜಿಲ್ಲೆಗೆ ಒಂದು ಒಳ್ಳೇ ಸಾಮಾನು ಬಂದದ್ದು ಅವರಿಗೆ ಸಹಿಸಲಿಲ್ಲ. ವಂಡಿಮನೆ ಒಮ್ಮೆ ಇಳಿದರೆ ಮತ್ತೆ ಹತ್ತಲ್ಲ ಸಾರೇ, ಬರೆದಿಟ್ಟುಕೊಳ್ಳಿ."

ಬರೆದಿಟ್ಟುಕೊಳ್ಳಿ ಎಂದು ಶ್ರೀಧರನ್ ಸಾರಿಗೆ ಹೇಳಬೇಕೆ? ಆ ಗಾಡಿ ಹೋದರೆ ಅವರ ಮಂಚ ಹೋಯಿತು, ಒಲೆ ಹೋಯಿತು, ತಲೆ ಮೇಲಿನ ಸೂರು ಹೋಯಿತು. ಅವರು ಆವತ್ತೇ ಆದೇಶ ಹೊರಡಿಸಿದರು. ಓಡಿಸಬೇಡಿ ಅನ್ನುವ ಮಾತು ಬಿಟ್ಟು, ಎಡಕ್ಕೆ ಪೂರ್ತಿ ತಿರುಗಿಸಿದರೆ ಅಪಾಯ ಅನ್ನುವುದನ್ನು ಮಾತ್ರ ಹಿಡಿದುಕೊಂಡರು. ಪೂರ್ತಿ ಅಂದರೆ ಎಷ್ಟು ಅನ್ನುವ ಚರ್ಚೆ ಬಂದಾಗ, ಸಾರ್ ಆ ತಲೆನೋವೇ ಬೇಡ ಅಂತ ಒಂದೇ ಸಾಲಿನಲ್ಲಿ ಮುಗಿಸಿದರು: "ಮುಂದಿನ ಆದೇಶದವರೆಗೆ ಈ ವಾಹನ ಎಡಕ್ಕೆ ತಿರುಗತಕ್ಕದ್ದಲ್ಲ."

ನಾನು ಕೈಮುಗಿದೆ. "ಸಾರ್, ಸ್ಟಿಯರಿಂಗ್ ಮಧ್ಯದ ಮುಚ್ಚಳ ತೆಗೆದರೆ ನಟ್ಟು ಕಾಣುತ್ತೆ. ಸ್ಪ್ಯಾನರ್ ಹಾಕಿ ನಾನೇ ಬಿಗಿ ಮಾಡ್ತೀನಿ. ಐದು ನಿಮಿಷ."

ಕುರಿಯನ್ ಹಾರಿಬಿದ್ದರು. ಆ ಮುಚ್ಚಳದ ಮೇಲೆ ಕಂಪನಿಯ ಸೀಲು ಇತ್ತು, ಕೆಂಪು ಅಕ್ಷರದಲ್ಲಿ 'ಇದನ್ನು ಒಡೆದರೆ ಕಂಪನಿ ಹೊಣೆಯಲ್ಲ' ಎಂದು ಬರೆದಿತ್ತು. "ನೀನು ಒಡೆದರೆ ನಾಳೆ ಅವರು, ನಿಮ್ಮ ಡ್ರೈವರೇ ಹಾಳು ಮಾಡಿದ್ದು ಅಂತಾರೆ. ಸೀಲು ಮುಟ್ಟಬೇಡ." ಸಾರ್ ಸೀಲು ಒಡೆಯಲು ಅನುಮತಿ ಕೋರಿ ರಾಜಧಾನಿಗೆ ನಾಲ್ಕು ಪುಟ ಬರೆದರು.

ನಾನು ಆಗಲೇ ಒಡೆಯಬೇಕಿತ್ತು. ಯಾರಿಗೂ ಹೇಳದೆ ಒಡೆದು, ಬಿಗಿ ಮಾಡಿ, ಬೈದರೆ ಬೈಸಿಕೊಳ್ಳಬೇಕಿತ್ತು. ಕಾಯಂ ಆಗುವುದಿಲ್ಲ ಅನ್ನುವ ಹೆದರಿಕೆಗೆ ಕೈ ಕಟ್ಟಿ ನಿಂತೆ. ನನ್ನ ಇಡೀ ಸರ್ವಿಸ್‌ನಲ್ಲಿ ಮಾಡಿದ ದೊಡ್ಡ ತಪ್ಪು ಅದು, ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಎಡಕ್ಕೆ ತಿರುಗದೆ ಗಾಡಿ ಓಡಿಸಿದ್ದೀರಾ? ನಾನು ಓಡಿಸಿದ್ದೇನೆ. ರಸ್ತೆ ಸಣ್ಣಗೆ ಬಾಗಿದರೆ ಸಾರ್ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೂಡುರಸ್ತೆಯಲ್ಲಿ ಎಡಕ್ಕೆ ಹೋಗಬೇಕಾದರೆ ನೇರ ಮುಂದೆ ಹೋಗಿ, ಬಲಕ್ಕೆ ಒಂದು ಅಂಗಳಕ್ಕೆ ನುಗ್ಗಿಸಿ, ಹಿಂದಕ್ಕೆ ಬಂದು, ಮತ್ತೆ ಬಲಕ್ಕೆ. ಪುಲ್ಪಳ್ಳಿ ಪೇಟೆಯಲ್ಲಿ ಒಂದು ಔಷಧಿ ಅಂಗಡಿಯ ಅಂಗಳಕ್ಕೆ ದಿನಕ್ಕೆ ನಾಲ್ಕು ಸಲ ನುಗ್ಗಿಸಿದೆ. ಅಂಗಡಿಯವನು ಮೊದಲ ಸಲ "ಏನು ಬೇಕು?" ಎಂದ. ಎರಡನೇ ಸಲ ತಲೆನೋವಿನ ಮಾತ್ರೆ ಕೊಟ್ಟ. ನಾಲ್ಕನೇ ಸಲ ಹೊರಗೆ ಬಂದು, "ಅಣ್ಣಾ, ನಿಮಗೆ ಏನು ಕಾಯಿಲೆ ಅಂತ ಬಾಯಿ ಬಿಟ್ಟು ಹೇಳಿ, ಯಾರಿಗೂ ಹೇಳಲ್ಲ" ಅಂದ. ಖಾಸಗಿ ಬಸ್ಸಿನವರು ನನ್ನನ್ನು ಕಂಡರೆ ಬಲಗೈ ಎತ್ತಿ ತೋರಿಸಿ ಕೂಗುತ್ತಿದ್ದರು. ಮಾನ ಹರಾಜಾಯಿತು.

ಕಂಪನಿಯ ಎರಡನೇ ಕಾಗದ ಬಂದಾಗ ಕುರಿಯನ್ನರ ಅನುಮಾನ ಗಟ್ಟಿಯಾಯಿತು. ಇಷ್ಟು ಸಲ ಕರೆಯುತ್ತಾರೆ ಅಂದರೆ ಏನೋ ಹುನ್ನಾರ ಇದೆ. ಗಾಡಿಯನ್ನು ಬಚ್ಚಿಡಬೇಕು ಎಂದು ತೀರ್ಮಾನವಾಯಿತು. ಸರ್ಕಾರಿ ವಾಹನವನ್ನು ಸರ್ಕಾರದಿಂದಲೇ ಬಚ್ಚಿಡುವುದು! ನನಗೆ ಗೊತ್ತಿದ್ದ ಜಾಗ ಒಂದೇ, ತೃಶ್ಶಿಲೇರಿಯ ಸಿದ್ದಮ್ಮಕ್ಕನ ಕಣ.

ಸಿದ್ದಮ್ಮಕ್ಕ ಬಾವಲಿ ಗಡಿಯ ಆಚೆಯಿಂದ ಬಂದು ನೆಲೆಸಿದ ಗೌಡರ ಮನೆಯ ಹೆಂಗಸು. ಗಂಡ ತೀರಿಕೊಂಡ ಮೇಲೆ ಗದ್ದೆ, ಮೆಣಸು, ಕಾಫಿ ಎಲ್ಲ ಒಬ್ಬಳೇ ನೋಡುತ್ತಿದ್ದವಳು. ನಮ್ಮ ತಂದೆಯ ಕಾಲದಿಂದ ಪರಿಚಯ. ಗಾಡಿ ಕಣದಲ್ಲಿ ನಿಂತದ್ದೇ ಅವಳು ಸುತ್ತ ಒಂದು ಸಲ ಬಂದಳು.

"ಜಿನಪ್ಪಾ, ಇದೇನ್ ಮನೆನೋ ವಂಡಿನೋ?"

"ಎರಡೂ ಅಕ್ಕ."

"ಒಳಗಿರೋರು ಯಾರಪ್ಪ?"

"ನಮ್ಮ ದೊಡ್ಡ ಸಾರ್."

"ಅಯ್ಯೋ ಶಿವನೇ, ಮನೆ ಇಲ್ವಂತಾ ಪಾಪ? ಬರ್ಲಿ ಬಿಡು. ಆದ್ರೆ ನನ್ ಮೆಣ್ಸು ಎಲ್ಲಿ ಒಣಗ್ಸ್ಲಿ? ಕಣದ ಮಧ್ಯ ತಂದು ಮಡಗಿದ್ದೀಯಲ್ಲ!"

ಉತ್ತರ ಅವಳೇ ಕಂಡುಕೊಂಡಳು. ಮಾರನೇ ದಿನ ವಂಡಿಮನೆಯ ಮೇಲೆ ಚಾಪೆ ಹಾಸಿ ಮೆಣಸು ಹರಡಿದಳು. ತಗಡಿನ ಕಾವಿಗೆ ಕಣಕ್ಕಿಂತ ಬೇಗ ಒಣಗಿತಂತೆ. ಅವಳ ಕೋಳಿ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಮೊಟ್ಟೆ ಇಟ್ಟಿತು. ಆ ಮೊಟ್ಟೆ ಇಲಾಖೆಯದೋ ಸಿದ್ದಮ್ಮಕ್ಕನದೋ ಎಂದು ಸಾರ್ ಒಂದು ಟಿಪ್ಪಣಿ ಶುರುಮಾಡಿದರು. ಅದು ಮೂರನೇ ಅಂಕಿಗೆ ಬರುವಾಗ ಸಿದ್ದಮ್ಮಕ್ಕ ಮೊಟ್ಟೆ ಬೇಯಿಸಿ ಅವರ ತಟ್ಟೆಗೇ ಇಟ್ಟಳು. ಜಿಲ್ಲಾ ಅಧಿಕಾರಿ ಬೆಳಿಗ್ಗೆ ಅಲ್ಲಿಂದ ಬಸ್ಸು ಹಿಡಿದು ಎರಡು ಗಂಟೆ ನಿಂತುಕೊಂಡು ಕಲ್ಪೆಟ್ಟದ ಕಚೇರಿಗೆ ಬರುತ್ತಿದ್ದರು, ಸಂಜೆ ಮತ್ತೆ ಎರಡು ಗಂಟೆ. ಕೈಯಲ್ಲಿ ಕಡತ, ಕೋಟಿನ ಮೇಲೆ ಮೆಣಸಿನ ಧೂಳು. ಬಸ್ಸಿನ ತುಂಬ ಸೀನುತ್ತಿದ್ದರು. ಆ ಮನುಷ್ಯನ ಮೇಲೆ ನನಗೆ ಕನಿಕರ ಹುಟ್ಟಿದ್ದು ಆಗಲೇ.

ಒಂದು ದಿನ ಸಿದ್ದಮ್ಮಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. "ಲೋ, ಆ ಗಾಲಿ ತಿರುಗ್ಸೋ ಚಕ್ರ ಕೋಳಿ ಕೂತ್ರೂ ಅಲ್ಲಾಡ್ತದೆ ಕಣಪ್ಪ. ಹೆಂಗ್ ಓಡುಸ್ತೀಯ ಇದ್ನ?"

ಹೋಗಿ ಕೈಯಿಟ್ಟು ನೋಡಿದೆ. ಹೌದು. ಮೇಲಕ್ಕೆ ಎಳೆದರೆ ಒಂದು ಕೂದಲೆಳೆಯಷ್ಟು ಏಳುತ್ತಿತ್ತು. ಕಂಪನಿ ಸುಳ್ಳು ಹೇಳಿರಲಿಲ್ಲ. ಸಾರ್ ಹತ್ತಿರ ಹೇಳಿದೆ. ಅವರು ತಾವೂ ಎಳೆದು ನೋಡಿ, "ಇದು ಮೊದಲಿಂದಲೂ ಹೀಗೇ ಇತ್ತಲ್ಲವಾ?" ಅಂದರು. ಆದರೆ ಮುಖ ಬಿಳಿಚಿತ್ತು.

ಮಾರನೇ ವಾರ ರಾಜಧಾನಿಯಿಂದ ಟೆಲಿಗ್ರಾಂ ಬಂತು. ಬೇರೆ ಕಡೆ ಇಂಥದೇ ಗಾಡಿಯ ಸ್ಟಿಯರಿಂಗ್ ಕಳಚಿ ಗದ್ದೆಗೆ ಬಿದ್ದಿದೆ, ಪುಣ್ಯಕ್ಕೆ ಯಾರಿಗೂ ಏನೂ ಆಗಿಲ್ಲ. ನಿಮ್ಮ ಗಾಡಿ ನಾಳೆ ಸಂಜೆಯೊಳಗೆ ಕೋಝಿಕ್ಕೋಡ್ ವರ್ಕ್‌ಶಾಪಿಗೆ ತಲುಪದಿದ್ದರೆ ಅಧಿಕಾರಿಯ ಮೇಲೆ ಕ್ರಮ. ಸೀಲು ಒಡೆಯುವ ಅನುಮತಿಯ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

"ಮೈಸೂರಿಗೆ ಹೋಗೋಣ ಸಾರ್" ಅಂದೆ. "ಬಾವಲಿ ದಾಟಿದರೆ ಸಮತಟ್ಟು ರಸ್ತೆ, ಘಾಟಿ ಇಲ್ಲ. ಅಲ್ಲಿ ಯಾವ ಮೆಕ್ಯಾನಿಕ್ ಬೇಕಾದರೂ ಮಾಡ್ತಾನೆ."

"ಬೇರೆ ರಾಜ್ಯಕ್ಕೆ ಹೋಗಲು ಅನುಮತಿ ಬೇಕು."

"ಹಾಗಾದ್ರೆ ಮೆಕ್ಯಾನಿಕ್ಕನ್ನೇ ಮೇಲಕ್ಕೆ ಕರೆಸಿ ಸಾರ್!"

"ಕುರಿಯನ್ ಫೋನ್ ಮಾಡಿದ. ವಯನಾಡು ಜಿಲ್ಲೆ ಅವರ ಪಟ್ಟಿಯಲ್ಲಿ ಇಲ್ಲವಂತೆ."

"ಹಾಗಾದ್ರೆ ನಾನು ಓಡ್ಸಲ್ಲ."

ಸಾರ್ ಕನ್ನಡಕ ತೆಗೆದರು. "ಜಿನಪ್ಪ, ಈ ತಿಂಗಳ ಕೊನೆಗೆ ನಿನ್ನ ಎರಡು ವರ್ಷ ಮುಗಿಯುತ್ತದೆ. ಗಾಡಿ ಓಡಿಸಲ್ಲ ಅಂದ ಡ್ರೈವರಿಗೆ ನಾನು ಏನು ಅಂತ ಬರೆಯಲಿ?"

ಅವರು ಗದರಿಸಿ ಹೇಳಲಿಲ್ಲ. ಸುಮ್ಮನೆ ಕೇಳಿದರು. ಅದಕ್ಕೇ ಹೆಚ್ಚು ಉರಿಯಿತು. ಮನೆಗೆ ಹೋಗಿ ಪದ್ಮಾಗೆ ಹೇಳಿದೆ. ಅವಳು ಬೆಳಿಗ್ಗೆ ದಿನಕ್ಕಿಂತ ದೊಡ್ಡ ಬುತ್ತಿ ಕಟ್ಟಿ, "ಎಲ್ಲಿದ್ರೂ ಹೊತ್ತಿಗೆ ಸರಿಯಾಗಿ ಉಣ್ಣಿ" ಅಂದಳು. ಕಣ್ಣು ಒರೆಸಿಕೊಂಡದ್ದು ನನಗೆ ಕಾಣಿಸಿತು.

ಮಧ್ಯಾಹ್ನ ತೃಶ್ಶಿಲೇರಿಯಿಂದ ಹೊರಟೆವು. ನಾನೊಬ್ಬನೇ ಹೋಗುತ್ತೇನೆ ಅಂದರೆ ಸಾರ್ ಕೇಳಲಿಲ್ಲ, ವರ್ಕ್‌ಶಾಪಿನವರು ಗಾಡಿ ಲಪಟಾಯಿಸಿದರೆ ಅಂತ ಕಾವಲಿಗೆ ಬಂದರು. ಬಂದವರೇ ಮೂರು ಪ್ರತಿಗಳಲ್ಲಿ ಒಂದು ಕಾಗದ ಕೊಟ್ಟರು: "ಈ ಪ್ರಯಾಣಕ್ಕೆ ಮಾತ್ರ ಅನ್ವಯಿಸುವಂತೆ, ವಾಹನವು ಎಡಕ್ಕೆ ತಿರುಗಲು ಅನುಮತಿ ನೀಡಲಾಗಿದೆ." ಘಾಟಿಯಲ್ಲಿ ಒಂಬತ್ತು ಹೇರ್‌ಪಿನ್ ತಿರುವು. ಒಂದು ಬಲಕ್ಕಾದರೆ ಮುಂದಿನದು ಎಡಕ್ಕೆ, ಪೂರ್ತಿ ಒತ್ತಿ ತಿರುಗಿಸದೆ ಬೇರೆ ದಾರಿಯೇ ಇಲ್ಲ. ಆ ಕಾಗದವನ್ನು ನಾನು ಜೇಬಿನಲ್ಲಿಟ್ಟುಕೊಂಡೆ. ಪ್ರಪಾತಕ್ಕೆ ಬಿದ್ದರೆ ಹೆಣದ ಜೇಬಿನಲ್ಲಿ ಅನುಮತಿಯಾದರೂ ಇರುತ್ತದೆ ಅಂದುಕೊಂಡೆ.

ಮಾನಂತವಾಡಿ, ಪನಮರಂ, ಕಲ್ಪೆಟ್ಟ. ಎತ್ತಿನ ಗಾಡಿಯ ವೇಗದಲ್ಲಿ ಹೋದೆ, ಪ್ರಾಣ ಕೈಯಲ್ಲಿ ಹಿಡಿದುಕೊಂಡು. ಹಿಂದಿನಿಂದ ಬಂದ ಪ್ರತಿಯೊಂದು ಬಸ್ಸೂ ಹಾರ್ನು ಹೊಡೆದು ಬೈದುಕೊಂಡು ದಾಟಿತು. ವೈತ್ತಿರಿ ಕಳೆದ ಮೇಲೆ ಒಂದು ತಿರುವಿನಲ್ಲಿ ಚಕ್ರ ನನ್ನ ಅಂಗೈಯಲ್ಲಿ 'ಕಟಕ್' ಎಂದಿತು.

"ಸಾರ್, ಕೇಳಿಸಿತಾ?"

"ಪಾತ್ರೆ ಶಬ್ದ."

"ಪಾತ್ರೆ ಅಲ್ಲ ಸಾರ್."

"ಓಡಿಸು ಜಿನಪ್ಪ. ಎಂಟು ಗಂಟೆಗೆ ವರ್ಕ್‌ಶಾಪ್ ಮುಚ್ಚುತ್ತಾರೆ."

ಲಕ್ಕಿಡಿಗೆ ಬಂದೆವು. ಇಲ್ಲಿಂದ ಮುಂದೆ ಇಳಿಜಾರೇ. ಪಡುವಣ ದಿಕ್ಕಿನಲ್ಲಿ ಹೊತ್ತು ಬೆಟ್ಟದ ಮೇಲೆ ಒಂದು ಗೇಣು ಎತ್ತರದಲ್ಲಿತ್ತು. ನಾನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರಿಗೆ ಹಾಕಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು ಬುತ್ತಿ ಎತ್ತಿಕೊಂಡೆ.

"ಈಗಲಾ?" ಸಾರ್ ಕಿರುಚಿದರು. "ಇವತ್ತಾ? ನಿನಗೆ ಬುದ್ಧಿ ಇದೆಯಾ?"

"ಕೆಳಗೆ ಮುಟ್ಟುವಾಗ ಹೊತ್ತು ಮುಳುಗಿರುತ್ತೆ ಸಾರ್."

"ಒಂದು ದಿನ! ಒಂದೇ ಒಂದು ದಿನ!"

ನಿಜ ಹೇಳಬೇಕೆಂದರೆ, ಆವತ್ತು ನನಗೆ ವ್ರತಕ್ಕಿಂತ ಭಯ ದೊಡ್ಡದಿತ್ತು. ಇನ್ನು ಹದಿನೈದು ನಿಮಿಷ ಬದುಕಿರುತ್ತೇನಲ್ಲ ಅನ್ನಿಸಿತು. ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದೆ. ಅನ್ನ, ಹೆಸರುಕಾಳಿನ ಹುಳಿ, ಮಾವಿನಕಾಯಿ ಉಪ್ಪಿನಕಾಯಿ, ಇಬ್ಬರಿಗಾಗುವಷ್ಟು ಇತ್ತು. ಮಗಳ ಮುಖ ಕಣ್ಣ ಮುಂದೆ ಬರುತ್ತಿತ್ತು.

ಸಾರಿಗೆ ತಡೆಯಲಾಗಲಿಲ್ಲ. ನನ್ನ ಸೀಟಿಗೆ ಹತ್ತಿ ಕೂತು ಹಾರ್ನು ಒತ್ತತೊಡಗಿದರು. ಒತ್ತಿದ ಕೈ ತೆಗೆಯಲೇ ಇಲ್ಲ, ಇಡೀ ಲಕ್ಕಿಡಿ ತಿರುಗಿ ನೋಡಿತು. "ನೀನು ಉಣ್ಣುತ್ತಾ ಕೂತಿರು, ನಾನೇ ಇಳಿಸ್ತೀನಿ! ಮೂವತ್ತು ವರ್ಷದ ಹಿಂದೆ ನಾನೂ ಕಾರು ಕಲಿತಿದ್ದೆ!" ಎಂದು ಕೂಗುತ್ತಾ ಇನ್ನೊಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಎಡಕ್ಕೆ ಎಳೆದರು. ನಿಂತ ಗಾಡಿಯ ಸ್ಟಿಯರಿಂಗ್ ತಿರುಗುವುದು ಸುಲಭವಲ್ಲ. ಹಟ ಹಿಡಿದು ಎರಡೂ ಕೈ ಹಾಕಿ, ಎದೆಯನ್ನು ಹಾರ್ನಿನ ಮೇಲೆಯೇ ಹೇರಿ, ಎಡಕ್ಕೆ, ಮತ್ತೂ ಎಡಕ್ಕೆ.

ಹಾರ್ನು ನಿಂತುಹೋಯಿತು.

ಕೈಯಲ್ಲಿ ತುತ್ತು ಹಿಡಿದವನು ತಿರುಗಿ ನೋಡಿದೆ. ಸಾರ್ ಸೀಟಿನಲ್ಲೇ ಇದ್ದರು. ಸ್ಟಿಯರಿಂಗ್ ಚಕ್ರ ಅವರ ಎದೆಯ ಹತ್ತಿರ ಇತ್ತು, ತುಂಡಾದ ಹಾರ್ನಿನ ತಂತಿ ಜೋತಾಡುತ್ತಿತ್ತು. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಬಾಗಿಲು ತೆರೆದು, ಅದನ್ನು ಮೊರದ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ನಿಧಾನಕ್ಕೆ ಇಳಿದು ನನ್ನ ಹತ್ತಿರ ಬಂದರು.

"ಜಿನಪ್ಪ" ಅಂದರು. "ಇದು ಬಂತು."

ನಾನು ಎದ್ದು ನಿಂತೆ. ಎರಡು ವರ್ಷ ನುಂಗಿಕೊಂಡಿದ್ದದ್ದೆಲ್ಲ ಬಾಯಿಗೆ ಬಂತು. "ನನ್ನ ಮಗಳಿಗೆ ಒಂದು ವರ್ಷ ಸಾರ್! ಮೊದಲನೇ ತಿರುವಿನಲ್ಲಿ ಇದು ನನ್ನ ಕೈಗೆ ಬರ್ತಿತ್ತು! ಐದು ನಿಮಿಷದ ಕೆಲಸ ಸಾರ್, ಒಂದು ಸ್ಪ್ಯಾನರಿನ ಕೆಲಸ! ನೀವು ಬರೀತಾ ಕೂತ್ರಿ! ನಾನು ಹೇಡಿ, ನಿಮ್ಮ ಸಹಿಗೆ ಹೆದರಿ ಸುಮ್ಮನಿದ್ದೆ!" ಅಂತ ಕೂಗಾಡಿದೆ. ಕೂಗುವಾಗ ಕೈಯಲ್ಲಿದ್ದ ಅನ್ನ ಅವರ ಕೋಟಿನ ಮೇಲೆಲ್ಲ ಹಾರಿತು.

ಅವರು ಕಟ್ಟೆಯ ಮೇಲೆ ಕೂತು, ಸ್ಟಿಯರಿಂಗನ್ನು ತೊಡೆಯ ಮೇಲಿಟ್ಟುಕೊಂಡು ಕೆಳಗಿನ ರಸ್ತೆ ನೋಡಿದರು. ರಸ್ತೆ ಮೊದಲು ಕಾಣಿಸಿ, ಮರೆಯಾಗಿ, ಬಹಳ ಕೆಳಗೆ ಮತ್ತೆ ಸಣ್ಣದಾಗಿ ಕಾಣುತ್ತಿತ್ತು. ಆಮೇಲೆ ಬುತ್ತಿಯ ಕಡೆ ನೋಡಿ ಕೇಳಿದರು:

"ಇನ್ನೂ ಹೊತ್ತಿದೆಯಾ?"

"ಇದೆ ಸಾರ್."

"ನನಗೂ ಸ್ವಲ್ಪ ಹಾಕು."

ಬುತ್ತಿಯ ಮುಚ್ಚಳದಲ್ಲಿ ಹಾಕಿಕೊಟ್ಟೆ. ಇಬ್ಬರೂ ಉಂಡೆವು. ನಾವು ಕೈ ತೊಳೆದಾಗ ಹೊತ್ತು ಮುಳುಗಿತು.

ಎರಡು ದಿನ ವಂಡಿಮನೆ ಲಕ್ಕಿಡಿಯಲ್ಲೇ ನಿಂತಿತ್ತು. ಮೂರನೇ ದಿನ ಕೋಝಿಕ್ಕೋಡಿನಿಂದ ಕಂಪನಿಯ ಮೆಕ್ಯಾನಿಕ್ ಬಂದ. ಹೇಗೆ ಬಂದ? ಬಸ್ಸಿನಲ್ಲಿ! ಅಂಗಿಯ ಜೇಬಿನಿಂದ ಒಂದು ನಟ್ಟು, ಒಂದು ಲಾಕ್ ಪ್ಲೇಟು ತೆಗೆದ, ಸ್ಪ್ಯಾನರ್ ನನ್ನ ಹತ್ತಿರವೇ ಕೇಳಿ ಇಸಿದುಕೊಂಡ, ಬಿಗಿ ಮಾಡಿದ, ಚಹಾ ಕುಡಿದು ಮುಂದಿನ ಬಸ್ಸಿಗೆ ವಾಪಸ್ ಹೋದ. ನಮ್ಮ ಜಿಲ್ಲೆ ಪಟ್ಟಿಯಲ್ಲಿ ಇಲ್ಲವಲ್ಲ, ಹೇಗೆ ಬಂದಿರಿ ಎಂದು ಕೇಳಿದೆ. "ಲಕ್ಕಿಡಿ ಯಾವ ಜಿಲ್ಲೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ" ಅಂದ.

ಇಷ್ಟಕ್ಕೇ ಮುಗಿದಿದ್ದರೆ ಸರ್ಕಾರ ಯಾಕಾಗುತ್ತದೆ? ನಿಂತ ವಾಹನದ ಸ್ಟಿಯರಿಂಗ್ ಕಳಚಿದ್ದು ಹೇಗೆ, ಆಗ ಡ್ರೈವರ್ ಎಲ್ಲಿದ್ದ, ಹೊಣೆ ಯಾರದು, ಮೂರು ದಿನದಲ್ಲಿ ವಿವರಣೆ ಕೊಡಿ ಎಂದು ಮೇಲಿನಿಂದ ಕಾಗದ ಬಂತು. ಲೈಸೆನ್ಸ್ ಇಲ್ಲದ ಅಧಿಕಾರಿ ಡ್ರೈವರ್ ಸೀಟಿನಲ್ಲಿ ಕೂತದ್ದು ಗೊತ್ತಾದರೆ ಸಾರಿನ ಬಡ್ತಿ ಹೋದಂತೆಯೇ. ಕುರಿಯನ್ ದಾರಿ ತೋರಿಸಿದರು: "ಸಾರೇ, ಡ್ರೈವರ್ ತಿರುಗಿಸಿದ ಅಂತ ಬರೆಯಿರಿ. ಹೇಗೂ ತಾತ್ಕಾಲಿಕದವನು." ನಾನು ಬಚ್ಚಲ ಬಾಗಿಲ ಹತ್ತಿರವೇ ನಿಂತಿದ್ದೆ, ಕುರಿಯನ್ ನೋಡಿರಲಿಲ್ಲ. ಸಾರ್ ನೋಡಿದ್ದರು. ಪೆನ್ನು ತೆಗೆದು ಬರೆಯಲು ಕೂತರು. ನಾಲ್ಕು ಪುಟ ಆಗುತ್ತದೆ, ನನ್ನ ಕಥೆ ಮುಗಿಯಿತು ಅಂದುಕೊಂಡು ಹೊರಗೆ ಬಂದು ಗಾಡಿ ಒರೆಸತೊಡಗಿದೆ. ಎರಡು ನಿಮಿಷಕ್ಕೆ ಸಾರೇ ಹೊರಗೆ ಬಂದರು. ನನ್ನ ಕೈಗೆ ಎರಡು ಕಾಗದ ಕೊಟ್ಟು ಒಳಗೆ ಹೋದರು.

ಒಂದು, ನನ್ನನ್ನು ಕಾಯಂ ಮಾಡಲು ಶಿಫಾರಸು. ಇನ್ನೊಂದು ವಿವರಣೆಯ ಪ್ರತಿ. ಆ ಮನುಷ್ಯ ಬರೆದ ಅತಿ ಸಣ್ಣ ವರದಿ ಅದು, ಅಂಕಿಗಳೇ ಇರಲಿಲ್ಲ. ಅದಕ್ಕಾಗಿ ಅವರಿಗೆ ಬಡ್ತಿ ಮೂರು ವರ್ಷ ತಡವಾಯಿತು. ಪ್ರತಿ ಈಗಲೂ ನನ್ನ ಹತ್ತಿರ ಇದೆ, ಚಹಾಕ್ಕೆ ಬಂದವರಿಗೆಲ್ಲ ತೋರಿಸುತ್ತೇನೆ. ಅದರಲ್ಲಿ ಇರುವುದು ಇಷ್ಟೇ:

"ಸ್ಟಿಯರಿಂಗ್ ಕಳಚಿದ್ದು ನನ್ನ ಕೈಯಲ್ಲಿ. ಆಗ ಡ್ರೈವರ್ ಊಟ ಮಾಡುತ್ತಿದ್ದರು. ಆದ್ದರಿಂದಲೇ ಈ ವಿವರಣೆ ಬರೆಯಲು ನಾನು ಉಳಿದಿದ್ದೇನೆ."